ಫೋರ್ಟ್ ಬ್ರ್ಯಾಗ್ ಬಿಯರ್‌ಗಳಿಗೆ ನಾನು ಅಂಕ ಕೊಟ್ಟ ಬಗೆ

ಬಿಯರ್‌ಗೆ ಅಂಕ ಕೊಡುವ ಯಾವುದಾದರೂ ಆ್ಯಪ್ ತೆರೆದು ನೋಡಿ. ಮೇಲಿನ ಸಾಲಿನಲ್ಲಿ ಹೆಚ್ಚಾಗಿ ಸ್ಟ್ರಾಂಗ್ ಬಿಯರ್‌ಗಳೇ ಇರುತ್ತವೆ. ಹುರಿದ ಬಾರ್ಲಿಯ ಕಪ್ಪು ಇಂಪೀರಿಯಲ್ ಸ್ಟೌಟ್, ಕಹಿ ಜಾಸ್ತಿಯ ಡಬಲ್ ಐಪಿಎ, ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿಸಿದ್ದು. ಪಾಪ, ತಿಳಿ ಬಣ್ಣದ ಹಗುರ ಪಿಲ್ಸ್‌ನರ್ ಎಲ್ಲೋ ಕೆಳಗೆ "ಪರವಾಗಿಲ್ಲ" ಅನ್ನುವ ಮಟ್ಟದಲ್ಲಿ ಬಿದ್ದಿರುತ್ತದೆ. ನಾನೂ ಬೆಂಗಳೂರಿನಲ್ಲಿ "ಸ್ಟ್ರಾಂಗ್ ಇದ್ರೇನೇ ಬಿಯರ್ರು" ಅನ್ನುವವರ ನಡುವೆ ಬೆಳೆದವನು. ಆದರೆ ಒಂದೇ ಬ್ರೂವರಿಯ ಬಿಯರ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಬರೆದುಕೊಂಡು ಕುಡಿಯತೊಡಗಿದ ಮೇಲೆ ಈ ಲೆಕ್ಕದ ಮೇಲೆ ನನಗೆ ನಂಬಿಕೆ ಹೋಯಿತು.

ಆ ಬ್ರೂವರಿ ನಾರ್ತ್ ಕೋಸ್ಟ್ ಬ್ರೂಯಿಂಗ್. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ, ಪೆಸಿಫಿಕ್ ದಡದ ಫೋರ್ಟ್ ಬ್ರ್ಯಾಗ್ ಅನ್ನುವ ಸಣ್ಣ ಊರಿನಲ್ಲಿ 1988ರಲ್ಲಿ ಶುರುವಾಯಿತು. ಮರದ ಮಿಲ್ಲನ್ನು ನಂಬಿಕೊಂಡಿದ್ದ ಊರು ಅದು. ಮಿಲ್ಲು 2002ರಲ್ಲಿ ಮುಚ್ಚಿತು. ಈಗ ಜನ ಬರುವುದು ಗಾಜಿನ ಬೀಚ್ ನೋಡಲಿಕ್ಕೆ. 1967ರವರೆಗೂ ಊರಿನ ಕಸವನ್ನು ಸಮುದ್ರದ ಅಂಚಿಗೆ ಸುರಿಯುತ್ತಿದ್ದರು. ಒಡೆದ ಬಾಟಲಿಗಳನ್ನು ಅಲೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದೆ.

ನಾವಿರುವುದು ಸ್ಯಾನ್ ಹೋಸೆ ಕಡೆ. 101ನೇ ಹೆದ್ದಾರಿಯಲ್ಲಿ ಕ್ಲೋವರ್‌ಡೇಲ್‌ವರೆಗೆ ಹೋಗಿ, 128ನೇ ಹೆದ್ದಾರಿಗೆ ತಿರುಗಿ, ರೆಡ್‌ವುಡ್ ಕಾಡು ದಾಟಿ ಕಡಲಿಗೆ ಇಳಿಯಬೇಕು. 128ರ ತಿರುವುಗಳಲ್ಲಿ ಚಾರ್ಮಾಡಿ ಘಾಟಿ ನೆನಪಾಗುತ್ತದೆ. ಕುಡಿದು ಓಡಿಸುವ ದಾರಿಯಂತೂ ಅಲ್ಲ. ಹಾಗಾಗಿ ಅಲ್ಲಿಗೆ ಹೋದರೆ ರಾತ್ರಿ ಅಲ್ಲೇ ರೂಮು. ಬ್ರೂವರಿಯದ್ದೇ ಬಾರ್ ಆದ ಟ್ಯಾಪ್‌ರೂಮ್‌ನಲ್ಲಿ ಸುಮ್ನೆ ಖುಷಿಗೆ ಕುಡಿಯುತ್ತೇನೆ, ಬರೆಯುವುದಿಲ್ಲ. ಬರೆಯಲಿಕ್ಕೆ ಬಾಟಲಿ ಮನೆಗೆ ಬರಬೇಕು. ಟ್ಯಾಪ್‌ರೂಮ್‌ನಲ್ಲಿ ಪಕ್ಕದ ಟೇಬಲ್ಲಿನ ಕರಿದ ಮೀನಿನ ವಾಸನೆ ಇರುತ್ತದೆ, ರಜೆಯ ಮೂಡ್ ಇರುತ್ತದೆ. ಆ ಹೊತ್ತಿನಲ್ಲಿ ಎಲ್ಲ ಬಿಯರೂ ಚೆನ್ನಾಗಿಯೇ ಇರುತ್ತದೆ, ಅಲ್ವಾ?

ಸಮುದ್ರದ ಪಕ್ಕದ ಬ್ರೂವರಿ ಅಂದಕೂಡಲೇ ಕೆಲವರು "ಕಡಲ ಗಾಳಿಯ ತೆಳು ಉಪ್ಪು" ಅಂತೆಲ್ಲ ಬರೆಯುತ್ತಾರೆ. ಅದು ಲೇಬಲ್ ಓದಿ ಬಂದ ರುಚಿ. ನಾನು ಕುಡಿದ ನಾರ್ತ್ ಕೋಸ್ಟ್ ಬಾಟಲಿಗಳಲ್ಲಿ ಉಪ್ಪು ಸಿಕ್ಕಿಲ್ಲ. ತಮಾಷೆ ಅಂದ್ರೆ, 128ರ ದಾರಿಯಲ್ಲಿ ಕಣಿವೆಯ ಒಳಗಿರುವ ಬೂನ್‌ವಿಲ್‌ನ ಆ್ಯಂಡರ್ಸನ್ ವ್ಯಾಲಿ ಬ್ರೂವರಿಯವರು ಗೋಜೆ ಬಿಯರ್‌ಗೆ ಹೆಸರಾದವರು. ಗೋಜೆ ಅಂದರೆ ಉಪ್ಪು, ಕೊತ್ತಂಬರಿ ಬೀಜ ಹಾಕಿ ಮಾಡುವ ಜರ್ಮನಿಯ ಹುಳಿ ಬಿಯರ್. ಉಪ್ಪು ಬೇಕಾದವರು ಕಡಲು ಸೇರುವ ಮೊದಲೇ ಗಾಡಿ ನಿಲ್ಲಿಸಬೇಕು!

ಲೇಬಲ್‌ನ ಈ ಕಾಟ ತಪ್ಪಿಸಲಿಕ್ಕೆ ನನ್ನ ಹೆಂಡತಿಯ ಸಹಾಯ ಬೇಕಾಗುತ್ತದೆ. ಅವಳು ಅಡುಗೆಮನೆಯಲ್ಲಿ ಗ್ಲಾಸಿಗೆ ಬಗ್ಗಿಸಿ, ತಳಕ್ಕೆ ಟೇಪ್ ಅಂಟಿಸಿ ನಂಬರ್ ಬರೆದು ತಂದಿಡುತ್ತಾಳೆ. ಕಪ್ಪು ಸ್ಟೌಟ್ ಕಂಡರೆ ಗುಟ್ಟು ಉಳಿಯುವುದಿಲ್ಲ, ನಿಜ. ಆದರೆ ಅದು ಯಾರ ಸ್ಟೌಟ್ ಅಂತ ಗೊತ್ತಾಗದ ಹಾಗೆ ಬೇರೆ ಕಂಪನಿಯದ್ದೊಂದನ್ನು ಸೇರಿಸಿಬಿಡುತ್ತಾಳೆ. ಒಂದೊಂದು ಗ್ಲಾಸಿಗೆ ಅರ್ಧ ಲೋಟದಷ್ಟು ಸಾಕು. ಕ್ರಮ ಮಾತ್ರ ತಿಳಿಯಿಂದ ಗಟ್ಟಿಗೆ. ಸ್ಟೌಟ್ ಕುಡಿದ ನಾಲಿಗೆಗೆ ಆಮೇಲೆ ಪಿಲ್ಸ್‌ನರ್ ಬರೀ ಸೋಡಾ.

ಗ್ಲಾಸಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪಾತ್ರೆ ತೊಳೆಯುವ ಸೋಪಿನ ಅಂಶ, ಎಣ್ಣೆ ಜಿಡ್ಡು ಒಂಚೂರು ಉಳಿದರೂ ನೊರೆ ನಿಲ್ಲುವುದಿಲ್ಲ. ಬಗ್ಗಿಸಿದಾಗ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತರೆ ಅಲ್ಲಿ ಕೊಳೆ ಇದೆ ಅಂತಲೇ ಅರ್ಥ. ನೊರೆ ಹೋದರೆ ವಾಸನೆಯೂ ಅರ್ಧ ಹೋದಂತೆ. ಅದಕ್ಕೇ ಬಿಯರ್ ಗ್ಲಾಸುಗಳನ್ನು ಒಗ್ಗರಣೆ ಪಾತ್ರೆಗಳ ಜೊತೆ ತೊಳೆಯುವುದಿಲ್ಲ.

ಮೊದಲು ಮೂಗು, ಆಮೇಲೆ ಬಾಯಿ. ಬಗ್ಗಿಸಿದ ಕೂಡಲೇ ಎರಡು ಮೂರು ಸಲ ಚಿಕ್ಕದಾಗಿ ಮೂಸಬೇಕು. ಉದ್ದಕ್ಕೆ ಎಳೆದರೆ ಮೂಗು ಬೇಗ ಸುಸ್ತಾಗುತ್ತದೆ. ಆಮೇಲೆ ಬಿಳಿ ಹಾಳೆ ಹಿಡಿದು ಬಣ್ಣ ನೋಡುವುದು. ಗುಟುಕನ್ನು ನುಂಗಲೇಬೇಕು. ಬಿಯರ್‌ಗೆ ಕಹಿ, ವಾಸನೆ ಕೊಡುವ ಹೂವು ಹಾಪ್ಸ್. ಅದರ ಕಹಿ ನುಂಗಿದ ಮೇಲೂ ಗಂಟಲಲ್ಲಿ ಉಳಿಯುತ್ತದೆ, ಅದು ಎಷ್ಟು ಹೊತ್ತು, ಹೇಗೆ ಉಳಿಯುತ್ತದೆ ಅನ್ನುವುದೂ ರುಚಿಯೇ. ಗ್ಲಾಸುಗಳ ನಡುವೆ ನೀರು, ಉಪ್ಪಿಲ್ಲದ ಬ್ರೆಡ್. ಖಾರದ ತಿಂಡಿ ಹತ್ತಿರಕ್ಕೂ ಬರಕೂಡದು. ಮೆಣಸಿನಕಾಯಿ ಇದ್ದರೆ ಕಹಿಯೂ ಆಲ್ಕೋಹಾಲಿನ ಉರಿಯೂ ಎರಡೂ ಜಾಸ್ತಿ ಅನಿಸುತ್ತವೆ.

ಈಗ ಸ್ಕ್ರಿಮ್‌ಶಾ. ಇದು ನಾರ್ತ್ ಕೋಸ್ಟ್‌ನವರ ಪಿಲ್ಸ್‌ನರ್. ಹಿಂದಿನ ಕಾಲದ ತಿಮಿಂಗಿಲ ಬೇಟೆಯ ನಾವಿಕರು ತಿಮಿಂಗಿಲದ ಹಲ್ಲು, ಮೂಳೆಯ ಮೇಲೆ ಕೆತ್ತುತ್ತಿದ್ದ ಚಿತ್ರಗಳ ಹೆಸರು ಇದಕ್ಕೆ. ಆಲ್ಕೋಹಾಲ್ ಶೇ. 4.5ರ ಆಸುಪಾಸು. ಮ್ಯೂನಿಕ್ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಜರ್ಮನಿಯ ಹಾಲರ್‌ಟೌ ಮತ್ತು ಟೆಟ್‌ನಾಂಗ್ ಹಾಪ್ಸು. ಒಂದು ಸಲ ಫೋರ್ಟ್ ಬ್ರ್ಯಾಗ್‌ನಿಂದಲೇ ಐಸ್ ಪೆಟ್ಟಿಗೆಯಲ್ಲಿ ತಂದ ಬಾಟಲಿ ಮತ್ತು ನಮ್ಮ ಮನೆ ಹತ್ತಿರದ ಒಂದು ಅಂಗಡಿಯ ಶೆಲ್ಫಿನಿಂದ ತಂದ ಬಾಟಲಿ, ಎರಡನ್ನೂ ಒಟ್ಟಿಗೆ ತೆರೆದೆ. ಅಂಗಡಿಯದ್ದು ಎಷ್ಟು ದಿನ ಬೆಚ್ಚಗಿನ ಜಾಗದಲ್ಲಿ ನಿಂತಿತ್ತೋ, ಬಾಟಲಿಯ ಹೆಗಲ ಮೇಲೆ ದೂಳು ಕೂತಿತ್ತು.

ಟೇಪ್ ತೆಗೆಯುವ ಮೊದಲೇ ವ್ಯತ್ಯಾಸ ಗೊತ್ತಾಯಿತು. ಒಂದರಲ್ಲಿ ಒಣ ಹುಲ್ಲು, ಬ್ರೆಡ್ಡಿನ ಹೊರಪದರ, ಅದರ ಹಿಂದೆ ಹೂವಿನಂಥ ಹಾಪ್ಸ್ ವಾಸನೆ. ಕಹಿ ಬಂತು, ನಾಲಿಗೆ ಒರೆಸಿದ ಹಾಗೆ ಮಾಡಿ ಹೋಯಿತು. ಇನ್ನೊಂದರಲ್ಲಿ ಹಾಪ್ಸೇ ಇಲ್ಲ. ಸಪ್ಪೆ ಸಿಹಿ, ಕೊನೆಗೆ ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ. ಬಿಯರ್ ಆಮ್ಲಜನಕಕ್ಕೆ ಸಿಕ್ಕಿ ಹಳತಾದಾಗ ಬರುವ ವಾಸನೆ ಇದು. ಬಿಸಿ ಇದ್ದಷ್ಟೂ ಬೇಗ ಬರುತ್ತದೆ. ಇದನ್ನೇ ಕುಡಿದು ಯಾರೋ "ಸಪ್ಪೆ ಬಿಯರ್, ಎರಡೂವರೆ ಸ್ಟಾರ್" ಅಂತ ಬರೆದಿದ್ದರೆ ಅವರ ನಾಲಿಗೆ ಸುಳ್ಳು ಹೇಳಿಲ್ಲ. ಆದರೆ ಅಂಕ ಬಿದ್ದದ್ದು ಅಂಗಡಿಯ ಶೆಲ್ಫಿಗೆ.

ಸ್ಟೌಟ್‌ಗೆ ಈ ತೊಂದರೆ ಕಡಿಮೆ. ಹುರಿದ ಬಾರ್ಲಿ, ಆಲ್ಕೋಹಾಲು, ಗಟ್ಟಿ ಸಿಹಿ, ಇವೆಲ್ಲ ಸೇರಿ ಎಷ್ಟೋ ತಪ್ಪು ಮುಚ್ಚಿಹಾಕುತ್ತವೆ. ಪಿಲ್ಸ್‌ನರ್‌ಗೆ ಮುಚ್ಚಿಡಲು ಏನೂ ಇಲ್ಲ. ಬೆಣ್ಣೆಯ ವಾಸನೆ, ಬೇಯಿಸಿದ ಜೋಳದ ವಾಸನೆ, ಹಸಿರು ಸೇಬಿನ ವಾಸನೆ, ಯಾವ ದೋಷ ಬಂದರೂ ಎದ್ದು ಕಾಣುತ್ತದೆ. ಅಷ್ಟು ತೆಳುವಾದದ್ದನ್ನು ಪ್ರತಿ ಸಲ ಒಂದೇ ರೀತಿ ಮಾಡುವುದು ಹೆಚ್ಚಿನ ಕೆಲಸ ಅಂತ ನನ್ನ ಅಭಿಪ್ರಾಯ.

ರೆಡ್ ಸೀಲ್ ಏಲ್ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ತಾಮ್ರದ ಬಣ್ಣ, ಕ್ಯಾರಮೆಲ್ ಸಿಹಿ, ಮೇಲೆ ಚಕ್ಕೋತದ ಸಿಪ್ಪೆಯ ಕಹಿ. ಸಜ್ಜನ ಬಿಯರ್. ಈಗಿನ ಮಬ್ಬು ಮಬ್ಬು ಐಪಿಎಗಳ ಕಾಲದಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಪ್ರ್ಯಾಂಕ್‌ಸ್ಟರ್ ಬೆಲ್ಜಿಯಂ ಶೈಲಿಯದ್ದು, ಶೇ. 7.6. ಇದರಲ್ಲಿ ಕೆಲಸವೆಲ್ಲ ಯೀಸ್ಟಿನದ್ದು. ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ, ಅವೆರಡನ್ನೂ ಯಾರೂ ಹಾಕಿರುವುದಿಲ್ಲ. ಹುದುಗುವಾಗ ಯೀಸ್ಟೇ ಮಾಡಿಕೊಂಡದ್ದು. ಬಣ್ಣ ತಿಳಿಯಾಗಿದೆ ಅಂತ ಗಟಗಟ ಕುಡಿದರೆ ಎದ್ದು ನಿಂತಾಗ ಲೆಕ್ಕ ಗೊತ್ತಾಗುತ್ತದೆ.

ಇನ್ನು ಅವರ ಹೆಸರಾಂತ ಓಲ್ಡ್ ರಾಸ್ಪುಟಿನ್. ಶೇ. 9ರ ರಷ್ಯನ್ ಇಂಪೀರಿಯಲ್ ಸ್ಟೌಟ್. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರೂವರಿಗಳು ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಕಳಿಸುತ್ತಿದ್ದ ಗಟ್ಟಿ ಬಿಯರ್‌ನ ಪರಂಪರೆ. ರಷ್ಯಾದ ಗಡ್ಡದ ಸನ್ಯಾಸಿ ರಾಸ್ಪುಟಿನ್ ಹುಟ್ಟಿದ್ದು ಆ ರಾಣಿ ಸತ್ತು ಎಪ್ಪತ್ತು ವರ್ಷ ಕಳೆದ ಮೇಲೆ. ಲೇಬಲ್‌ಗೆ ಒಂದು ಗಡ್ಡ ಬೇಕಿತ್ತು, ಅಷ್ಟೆ.

ಇದನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿದರೆ ಬರೀ ಸುಟ್ಟ ಕಹಿ. ಪಿಲ್ಸ್‌ನರ್ 4ರಿಂದ 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆಂದ, ಇದಕ್ಕೆ 10ರಿಂದ 13 ಬೇಕು. ಅರ್ಧ ಗಂಟೆ ಮೊದಲೇ ಹೊರಗಿಡುತ್ತೇನೆ. ನೊರೆ ಕಂದು ಬಣ್ಣದ್ದು, ಬೇಗ ಇಳಿಯುವುದಿಲ್ಲ. ಮೊದಲು ಕಾಫಿ, ಆಮೇಲೆ ಕಪ್ಪು ಚಾಕೊಲೇಟ್, ಇನ್ನಷ್ಟು ಬೆಚ್ಚಗಾದ ಮೇಲೆ ಒಣದ್ರಾಕ್ಷಿ, ಸುಡಲು ಬಿಟ್ಟ ಬೆಲ್ಲದ ಪಾಕ. ಕೊನೆಯಲ್ಲಿ ಎದೆ ಬೆಚ್ಚಗೆ. ಊರಿಂದ ಬಂದಿದ್ದ ಭಾಮೈದನಿಗೆ ಒಂದು ಗ್ಲಾಸ್ ಕೊಟ್ಟೆ. ಒಂದು ಗುಟುಕು ಕುಡಿದು, ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, "ಭಾವ, ಇದು ಬಿಯರಾ ಡಿಕಾಕ್ಷನ್ನಾ?" ಅಂದ. ನನ್ನ ಒಂದು ಪುಟದ ಟಿಪ್ಪಣಿಗಿಂತ ಅದೇ ಚೆನ್ನಾಗಿತ್ತು. ಎರಡನೇ ಗ್ಲಾಸ್ ಬೇಕಾ ಅಂದರೆ ಬೇಡ ಅಂದ. ಸ್ಕ್ರಿಮ್‌ಶಾ ಮಾತ್ರ ಎರಡು ಖಾಲಿ ಮಾಡಿದ. ಸ್ಟಾರ್ ಕೇಳಿದ್ದರೆ ಅವನೂ ರಾಸ್ಪುಟಿನ್‌ಗೇ ಜಾಸ್ತಿ ಕೊಡುತ್ತಿದ್ದ, ಅನುಮಾನವೇ ಇಲ್ಲ. ಮೊದಲ ಗುಟುಕಿಗೆ ಅಂಕ ಕೊಡುವುದೇ ಈ ಎಡವಟ್ಟಿಗೆಲ್ಲ ಮೂಲ.

ಹಾಗಾಗಿ ನಾನು ಬಿಯರ್ ತೀರ್ಪುಗಾರರು ಬಳಸುವ ಬಿಜೆಸಿಪಿ ಪಟ್ಟಿ ಹಿಡಿದುಕೊಂಡೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟಾರೆಗೆ 10. ಒಟ್ಟು 50. ಇದರಲ್ಲಿ ನನಗೆ ಇಷ್ಟವಾದದ್ದು, ಪಿಲ್ಸ್‌ನರ್ ಅನ್ನು ಪಿಲ್ಸ್‌ನರ್ ಆಗಿಯೇ ಅಳೆಯಬೇಕು, ಸ್ಟೌಟ್ ಪಕ್ಕದಲ್ಲಿಟ್ಟಲ್ಲ. ಒಟ್ಟಾರೆ ಅಂಕವನ್ನು ನಾನು ಗ್ಲಾಸ್ ಖಾಲಿಯಾದ ಮೇಲಷ್ಟೇ ಬರೆಯುತ್ತೇನೆ. ನನ್ನ ಪುಸ್ತಕದಲ್ಲಿ ತಾಜಾ ಸ್ಕ್ರಿಮ್‌ಶಾಕ್ಕೂ ರಾಸ್ಪುಟಿನ್‌ಗೂ 42. ದೂಳಿನ ಬಾಟಲಿಗೆ ಅಂಕ ಹಾಕಿಲ್ಲ, "ಹಳತು" ಅಂತಷ್ಟೇ ಬರೆದಿದ್ದೇನೆ. ಯಾವ ಬಾಟಲಿ ಕೊಂಡರೂ ಮೊದಲು ತಾರೀಕು ನೋಡಿ. ಗೂಡಿನಲ್ಲಿ ಇಡಬೇಕಾದ್ದು ಶೇ. 11.9ರ ಓಲ್ಡ್ ಸ್ಟಾಕ್ ಏಲ್ ಥರದ್ದನ್ನು. ಅದನ್ನು ವರ್ಷಗಟ್ಟಲೆ ಮಾಗಲಿ ಅಂತಲೇ ಮಾಡುತ್ತಾರೆ, ನಿಲ್ಲಿಸಿ ಕತ್ತಲಲ್ಲಿ ಇಟ್ಟರಾಯಿತು.

ಅಂಕ ಬರೆದು ಮುಗಿದ ಮೇಲೆ ಊಟ. ಸ್ಕ್ರಿಮ್‌ಶಾ ಜೊತೆ ಬಂಗುಡೆ ಫ್ರೈ, ಖಾರ ಸ್ವಲ್ಪ ಕಡಿಮೆ ಹಾಕಿ. ರಾಸ್ಪುಟಿನ್ ಜೊತೆ ತುಪ್ಪ ಹಚ್ಚಿದ ಬೇಳೆ ಹೋಳಿಗೆ. ಬೆಲ್ಲದ ಸಿಹಿಯ ಎದುರು ಸ್ಟೌಟಿನ ಕಹಿ ಮೆತ್ತಗಾಗುತ್ತದೆ, ನಂಬಿ. ಪ್ರ್ಯಾಂಕ್‌ಸ್ಟರ್‌ಗೆ ಮಾತ್ರ ಇನ್ನೂ ಜೋಡಿ ಸಿಕ್ಕಿಲ್ಲ. ಬಿಸಿಬೇಳೆಬಾತ್ ಜೊತೆ ನೋಡಿದೆ, ಲವಂಗಕ್ಕೆ ಲವಂಗ ಸೇರಿ ಜಾಸ್ತಿಯಾಯಿತು.