ಡೆಕ್ ತೊಳೆಯುವ ಕೆಲಸ ಕಲಿಯಬೇಕೆ? ಮೊದಲು ಗನ್ ಕೆಳಗಿಡಿ

ಡೆಕ್ ಅಂದರೆ ಮನೆ ಹೊರಗೆ ಮರದ ಹಲಗೆ ಹಾಸಿ ಕಟ್ಟಿದ ಜಗಲಿ. ನಾನು ಮೊದಲು ತೊಳೆದದ್ದು ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಯದು. ತೇಗದ ಹಲಗೆ, ನಾಲ್ಕು ಮಳೆಗಾಲ ಕಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಕಾರು ತೊಳೆಯುವ ಪ್ರೆಶರ್ ವಾಷರ್ ತಂದು, ಅದರ ಗನ್ ಹಿಡಿದು ಹತ್ತಿರದಿಂದಲೇ ನೀರು ಬಾರಿಸಿದೆ. ಬೂದು ಹೋಯಿತು, ಹೊಂಬಣ್ಣ ಬಂತು, ಮಾಲೀಕರು ಫೋಟೊನೂ ತೆಗೆದರು. ಮರುದಿನ ಒಣಗಿದ ಮೇಲೆ ನೋಡಿದರೆ ಹಲಗೆ ತುಂಬ ತೆಂಗಿನ ನಾರಿನ ಹಾಗೆ ಎಳೆ ಎದ್ದಿತ್ತು. ಬರಿಗಾಲಲ್ಲಿ ಕಾಲಿಟ್ಟರೆ ಸಿಬಿರು. ಉಜ್ಜಿ ಸರಿ ಮಾಡಲು ಮೂರು ದಿನ ಹಿಡಿಯಿತು. ಆ ಮೂರು ದಿನದ ಕೂಲಿ ನನ್ನ ಜೇಬಿನಿಂದಲೇ ಹೋಯಿತು.

ಹಾಗಾಗಿ ಈಗ ಕೆಲಸ ಕಲಿಯಲು ಬಂದ ಹುಡುಗರಿಗೆ ಗನ್ ಕೊಡುವುದಿಲ್ಲ, ಬ್ರಷ್ ಕೊಡುತ್ತೇನೆ.

ಬೂದು ಬಣ್ಣ ಬರೀ ಕೊಳೆ ಅಂದುಕೊಂಡಿದ್ದೇ ನನ್ನ ತಪ್ಪು. ಮರದ ನಾರನ್ನು ಅಂಟಿನ ಹಾಗೆ ಹಿಡಿದಿರುವುದು ಲಿಗ್ನಿನ್. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ, ಮಳೆ ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಬಿಳಿಚಿದ ಸಡಿಲ ನಾರು, ಅದರ ಮೇಲೊಂದಿಷ್ಟು ಬೂಷ್ಟು. ಈ ಪದರ ತೀರಾ ತೆಳು. ಅದನ್ನಷ್ಟೇ ತೆಗೆಯಬೇಕು, ಕೆಳಗಿನ ಮರಕ್ಕೆ ಕೈ ಹಾಕಬಾರದು.

ಚುಚ್ಚಿ ನೋಡಿ

ನೀರು ಮುಟ್ಟುವ ಮೊದಲು ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು ಬನ್ನಿ. ಹಲಗೆಯ ತುದಿ, ಮೊಳೆ ಸುತ್ತಲಿನ ಜಾಗ, ಕೆಳಗಿನ ಅಡ್ಡಪಟ್ಟಿ ಎಲ್ಲ ಕಡೆ ಒತ್ತಿ ನೋಡಿ. ಹಣ್ಣಿಗೆ ಚುಚ್ಚಿದ ಹಾಗೆ ಇಳಿದರೆ ಮರ ಕೊಳೆತಿದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಹಿಟ್ಟಿನಂಥ ಪುಡಿ ಉದುರಿದ್ದರೆ ಕೊರೆಯುವ ಹುಳ. ಆಗ ಮೊದಲು ಬಡಗಿ ಬರಲಿ, ನಿಮ್ಮ ಸರದಿ ಆಮೇಲೆ. ಎದ್ದಿರುವ ಸ್ಕ್ರೂಗಳನ್ನು ಬಿಗಿ ಮಾಡಿ, ಹಲಗೆ ಸಂದಿಯ ಎಲೆ ಕಸ ಕೆರೆದು ತೆಗೆಯಿರಿ.

ಎರಡು ಬಕೆಟ್ ಕೆಲಸ

ಮೊದಲ ಬಕೆಟ್ಟಿಗೆ ಸೋಡಿಯಂ ಪರ್ಕಾರ್ಬೊನೇಟ್. ಬಟ್ಟೆಯ ಕಲೆ ತೆಗೆಯುವ ಆಕ್ಸಿಜನ್ ಪುಡಿಗಳಲ್ಲಿ ಇರುವುದು ಇದೇ. ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 60 ಗ್ರಾಂ. ನೀರಿಗೆ ಬಿದ್ದ ಕೂಡಲೇ ಸಣ್ಣಗೆ ಗುಳ್ಳೆ ಏಳುತ್ತದೆ. ಅವತ್ತಿಗೆ ಬೇಕಾದಷ್ಟೇ ಕಲಸಿ. ಉಳಿದಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಅಕ್ಕಪಕ್ಕದ ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹಾಕಿ. ಹಲಗೆಯನ್ನೂ ನೆನೆಸಿ, ದ್ರಾವಣ ಸುರಿದು 15 ನಿಮಿಷ ಬಿಡಿ. ಅಷ್ಟರಲ್ಲಿ ಒಣಗಲು ಬಿಡಬಾರದು, ಅದಕ್ಕೇ ಬೆಳಗಿನ ನೆರಳಲ್ಲಿ ಶುರು ಮಾಡುವುದು. ಆಮೇಲೆ ನೈಲಾನ್ ಬ್ರಷ್ಷಿನಿಂದ ಮರದ ಎಳೆ ಓಡುವ ದಿಕ್ಕಿನಲ್ಲೇ ಉಜ್ಜಿ. ಕಬ್ಬಿಣದ ತಂತಿ ಬ್ರಷ್ ಬೇಡವೇ ಬೇಡ. ಅದರ ಚೂರು ಮರದಲ್ಲಿ ಸಿಕ್ಕಿಕೊಂಡು ಮುಂದಿನ ಮಳೆಗೆ ಕಪ್ಪು ಚುಕ್ಕೆ ಆಗುತ್ತದೆ.

ತೊಳೆದಾಗ ಕೊಳೆ ಹೋಗಿರುತ್ತದೆ, ಆದರೆ ಹಲಗೆ ಮೊದಲಿಗಿಂತ ಕಪ್ಪಗೆ ಕಾಣುತ್ತದೆ. ಮಾಲೀಕರು ಗಾಬರಿಯಾಗುವುದು ಇಲ್ಲೇ. ದ್ರಾವಣದ ಕ್ಷಾರಕ್ಕೆ ಮರ ಕಪ್ಪಿಟ್ಟಿದೆ, ಅಷ್ಟೆ. ಮೊಳೆ ಸುತ್ತಲಿನ ಕಪ್ಪು ಮಾತ್ರ ಬೇರೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಬಣ್ಣ ಬರುತ್ತದಲ್ಲ, ಇದೂ ಅದೇ ಕಥೆ. ಮರದ ಒಗರು, ಮೊಳೆಯ ಕಬ್ಬಿಣ.

ಎರಡಕ್ಕೂ ಮದ್ದು ಎರಡನೇ ಬಕೆಟ್ಟಿನಲ್ಲಿದೆ: ಆಕ್ಸಾಲಿಕ್ ಆಸಿಡ್, ಲೀಟರ್ ಬಿಸಿನೀರಿಗೆ 40–50 ಗ್ರಾಂ. ಕರಾವಳಿಯಲ್ಲಿ ಹಿತ್ತಾಳೆ ಉಜ್ಜುವ ಬಿಂಬುಳಿಯಲ್ಲಿರುವ ಹುಳಿಯೂ ಇದೇ, ಆದರೆ ಪುಡಿ ರೂಪದಲ್ಲಿ ಇದು ವಿಷ. ಗ್ಲೌಸ್, ಕನ್ನಡಕ, ಮಾಸ್ಕ್ ಇಲ್ಲದೆ ಡಬ್ಬ ತೆರೆಯಬೇಡಿ. ಬ್ಲೀಚಿಂಗ್ ಜೊತೆ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಒದ್ದೆ ಹಲಗೆ ಮೇಲೆ ಸವರಿ ನಿಂತು ನೋಡಿ. ಹತ್ತು ನಿಮಿಷದೊಳಗೆ ಕಪ್ಪು ಕರಗಿ ಜೇನಿನ ಬಣ್ಣ ಬಿಚ್ಚಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಆಮೇಲೆ ಧಾರಾಳ ನೀರು ಬಿಟ್ಟು ತೊಳೆಯಿರಿ. ಗನ್ ಬೇಕೇ ಬೇಕು ಅಂದರೆ ಇಲ್ಲಿ ಬಳಸಿ. ಅಗಲ ಬೀಸುವ ನಾಜಲ್, ಕಡಿಮೆ ಒತ್ತಡ, ಒಂದು ಅಡಿ ದೂರ.

ಕಾಯುವುದು

ಹೊಸಬರು ಕೆಡಿಸಿಕೊಳ್ಳುವುದು ಇಲ್ಲಿ. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಒಳಗೆ ನೀರಿರುತ್ತದೆ. ಎರಡು ಮುಳ್ಳಿನ ತೇವಾಂಶ ಮೀಟರ್ ಒಂದು ಕೊಳ್ಳಿ, ಶೇ 15ಕ್ಕಿಂತ ಕೆಳಗೆ ಬರುವ ತನಕ ಎಣ್ಣೆ ಡಬ್ಬ ಮುಟ್ಟಬೇಡಿ. ಒಳ್ಳೆ ಬಿಸಿಲಿದ್ದರೂ ಎರಡು ಮೂರು ದಿನ ಬೇಕು. ಒಣಗಿದ ಮೇಲೆ 60 ಅಥವಾ 80 ನಂಬರಿನ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿ. ಪೀಠೋಪಕರಣದ ಹಾಗೆ 220ರ ತನಕ ಹೋದರೆ ಮೈ ನುಣುಪಾಗಿ ಮರ ಎಣ್ಣೆ ಕುಡಿಯುವುದಿಲ್ಲ.

ಉಜ್ಜುವ ಮೊದಲು ಹಲಗೆಯ ಹಿನ್ನೆಲೆ ಕೇಳಿ. ಅಮೆರಿಕದಲ್ಲಿ ಮನೆ ಕೊಂಡ ನಮ್ಮವರು ಹಿತ್ತಲ ಡೆಕ್ಕನ್ನು ತಾವೇ ಉಜ್ಜಲು ಹೊರಡುತ್ತಾರೆ. 2003ರ ಕೊನೆಯವರೆಗೂ ಅಲ್ಲಿ ಮನೆಗಳ ಡೆಕ್ಕಿಗೆ ಆರ್ಸೆನಿಕ್ ಇರುವ ಔಷಧಿ ಕುಡಿಸಿದ ಪೈನ್ ಮರ ಬಳಕೆಯಲ್ಲಿತ್ತು. ಅದರ ಪುಡಿ ಎಬ್ಬಿಸಬಾರದು. ನಮ್ಮಲ್ಲಿ ಹಳೇ ಮನೆಯ ಬಾಗಿಲು, ಕಂಬದ ಬಣ್ಣಕ್ಕೂ ಇದೇ ಮಾತು. ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ.

ಎಣ್ಣೆ

ಹೊಳೆಯುವ ವಾರ್ನಿಷ್ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತದೆ. ಹೊರಾಂಗಣಕ್ಕೆ ಅಂತಲೇ ಇರುವ, ಸ್ವಲ್ಪ ಬಣ್ಣ ಸೇರಿದ ಎಣ್ಣೆ ತಗೊಳ್ಳಿ. ಆ ಬಣ್ಣವೇ ಬಿಸಿಲಿಗೆ ಕೊಡೆ. ತೆಳುವಾಗಿ ಹಚ್ಚಿ, 15–20 ನಿಮಿಷ ಬಿಟ್ಟು, ಮರ ಕುಡಿಯದೆ ಬಿಟ್ಟಿದ್ದನ್ನು ಒರೆಸಿ. ಜಾಸ್ತಿ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹಳಬರು ಜಂತಿಗೆ, ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಅದು ಚರ್ಮ ಸುಡುತ್ತದೆ, ಕಾಲಿಡುವ ಡೆಕ್ಕಿಗೆ ಆಗದು.

ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಬಟ್ಟೆ ಒಣಗುತ್ತಾ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಒಂದೊಂದಾಗಿ ಬಯಲಲ್ಲಿ ಹರಡಿ.

ದುಡ್ಡಿನ ಮಾತು

ಮೊದಲ ಆರು ತಿಂಗಳು ನಿಮ್ಮನೆ ಬಾಗಿಲು, ಗೆಳೆಯರ ಉಯ್ಯಾಲೆ, ಗುಜರಿಯಲ್ಲಿ ಸಿಕ್ಕಿದ ಹಲಗೆ ಇವುಗಳ ಮೇಲೆ ಕೈ ಪಳಗಿಸಿ. ಹತ್ತು ಚದರ ಅಡಿಗೆ ಎಷ್ಟು ಗಂಟೆ, ಎಷ್ಟು ಪುಡಿ, ಎಷ್ಟು ಎಣ್ಣೆ ಹಿಡಿಯಿತು ಅಂತ ಬರೆದಿಡಿ. ಆ ಲೆಕ್ಕ ಇಲ್ಲದೆ ಚದರ ಅಡಿಗೆ ಇಷ್ಟು ಅಂತ ಹೇಳಿದರೆ ಕೈಯಿಂದಲೇ ಹೋಗುತ್ತದೆ. ಗಿರಾಕಿ ಸಿಕ್ಕಾಗ ಡೆಕ್ ಮೇಲಿನ ಹೂಕುಂಡ ಎತ್ತಿಸಿ. ಅದರಡಿ ದುಂಡಗೆ ಒಂದು ಕಪ್ಪು ಕಲೆ ಇದ್ದೇ ಇರುತ್ತದೆ. ಅಲ್ಲೇ ಒಂದಡಿ ಜಾಗ ತೊಳೆದು, ಒಣಗಿದ ಮೇಲೆ ಎಣ್ಣೆ ಹಚ್ಚಿ ತೋರಿಸಿ. ಅದನ್ನು ನೋಡಿ ಒಪ್ಪಿದ ಮೇಲೆ ಅಡ್ವಾನ್ಸ್ ತಗೊಳ್ಳಿ. ಮಲೆನಾಡಿನಲ್ಲಾದರೆ ಮೇ ಎರಡನೇ ವಾರದ ಮೇಲೆ ಯಾರೆಷ್ಟೇ ಒತ್ತಾಯ ಮಾಡಿದರೂ ಹೊಸ ಕೆಲಸ ಒಪ್ಪಿಕೊಳ್ಳಬೇಡಿ.