ಮಳೆಗಾಲದಲ್ಲೂ ತಪ್ಪದಿರಲಿ ಬಿಪಿ, ಶುಗರ್ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಬಿಪಿ ಮಷೀನು, ಶುಗರ್ ಮಷೀನು ಎರಡೂ ಇವೆ. ಬೆಂಗಳೂರಲ್ಲಿರುವ ಮಗನೋ ಮಗಳೋ ತಂದುಕೊಟ್ಟಿರುತ್ತಾರೆ. ಒಂದು ವಾರ ದಿನಾ ನೋಡುವುದು, ಆಮೇಲೆ ತಲೆ ತಿರುಗಿದಾಗ ಮಾತ್ರ. ಹಾಗೆ ನೋಡಿದ ಅಂಕಿಯಿಂದ ಡಾಕ್ಟರಿಗೆ ಅಷ್ಟೇನೂ ತಿಳಿಯುವುದಿಲ್ಲ. ಆರಾಮಾಗಿದ್ದ ದಿನಗಳ ಲೆಕ್ಕವೂ ಅವರಿಗೆ ಬೇಕು.

ಮೊದಲು ಬಿಪಿ. ಹೊಸದು ಕೊಳ್ಳುವುದಾದರೆ ಮಣಿಕಟ್ಟಿನದ್ದು ಬೇಡ, ತೋಳಿಗೆ ಸುತ್ತುವ ಮಷೀನು ತನ್ನಿ. ತೋಟದಿಂದ ಹತ್ತಿ ಬಂದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ. ಚಹಾ, ಕವಳ, ಬೀಡಿ ಆಗಿ ಅರ್ಧ ಗಂಟೆ ಕಳೆಯಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಸುಮ್ನೆ ಕೂರಿ. ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಅಂಗಿಯ ಮೇಲೆ ಸುತ್ತಬೇಡಿ. ಮಾತೂ ಬೇಡ. ಪಕ್ಕದಲ್ಲಿ ಕೂತವರು ‘ಎಷ್ಟು ಬಂತು?’ ಎನ್ನದಿದ್ದರೆ ಇನ್ನೂ ಒಳ್ಳೆಯದು! ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಕೆಲವು ದಿನಗಳ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ತಿಳಿಸಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಶುಗರ್ ಮಷೀನಿನಲ್ಲಿ ಜಾಗ್ರತೆ ಬೇಕಿರುವುದು ಸ್ಟ್ರಿಪ್‌ಗೆ. ನಮ್ಮ ಕಡೆ ಮಳೆಗಾಲದ ಥಂಡಿಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಅದೇ ತೇವ ತಾಗಿದರೆ ಸ್ಟ್ರಿಪ್ ತಪ್ಪು ಅಂಕಿ ಕೊಡುತ್ತದೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ. ಬೇರೆ ಡಬ್ಬಿಗೆ ಸುರಿಯಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಡಬ್ಬಿ ಒಡೆದ ತಾರೀಕನ್ನು ಅದರ ಮೇಲೇ ಬರೆದಿಡಿ. ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಹಲಸಿನ ತೊಳೆ ಬಿಡಿಸಿದ ಬೆರಳಲ್ಲೇ ನೋಡಿದರೆ, ಹಣ್ಣಿನ ಸಕ್ಕರೆಯನ್ನೂ ಸೇರಿಸಿಯೇ ಮಷೀನು ಲೆಕ್ಕ ಹೇಳುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಬೆರಳ ತುದಿಯ ಮಧ್ಯಕ್ಕಿಂತ ಬದಿಗೆ ಚುಚ್ಚಿದರೆ ನೋವು ಕಡಿಮೆ.

ಶುಗರ್ 70ಕ್ಕಿಂತ ಕೆಳಗಿಳಿದರೆ ಕಾಯಬೇಡಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿ.

ಲೆಕ್ಕ ಇಡಲು ಆ್ಯಪ್‌ಗಳಿವೆ. ನನ್ನನ್ನು ಕೇಳಿದರೆ ಗೋಡೆಯ ಕ್ಯಾಲೆಂಡರೇ ವಾಸಿ. ಆಯಿ ಕನ್ನಡಕ ಹಾಕಿಕೊಂಡು ತಾನೇ ಬರೆಯಬಹುದು. ತಿಂಗಳ ಹಾಳೆಯ ಫೋಟೋ ತೆಗೆದು ಮಕ್ಕಳಿಗೂ ಡಾಕ್ಟರಿಗೂ ವಾಟ್ಸಾಪ್ ಮಾಡಿದರೆ ಆಯಿತು. ಗಾಳಿಮಳೆಗೆ ಇಂಟರ್ನೆಟ್ ಹೋದಾಗ ಬರೀ ಅಂಕಿಯನ್ನು ಎಸ್ಸೆಮ್ಮೆಸ್ ಮಾಡಿ. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಹೋಗುವ ಸಾಧ್ಯತೆ ಹೆಚ್ಚು.

ಡಾಕ್ಟರನ್ನು ಫೋನಿನಲ್ಲೇ ಕಾಣಲು ಸರ್ಕಾರದ ಇ-ಸಂಜೀವಿನಿ 2020ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ವಿಡಿಯೊ ಕಾಲ್ ಹಿಡಿಯದಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೇಳಿ. ಅಲ್ಲಿನ ಸಿಬ್ಬಂದಿ ಇದೇ ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ಮಾತಾಡಿಸುತ್ತಾರೆ. ಹೋಗುವಾಗ ಕ್ಯಾಲೆಂಡರ್ ಹಾಳೆ, ಮಾತ್ರೆಯ ಚೀಟಿ ಒಯ್ಯಿರಿ. ಆದರೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲಿಗೆ ಬಲ ಇಲ್ಲದಿರುವುದು, ಇವಕ್ಕೆ ವಿಡಿಯೊ ಕಾಲ್ ಅಲ್ಲ, ನೇರ 108.

ಜೂನ್ ಬರುವ ಮೊದಲೇ ಬಿಪಿ ಮಷೀನಿಗೆ ಹೊಸ ಸೆಲ್ ತಂದಿಡಿ. ವರ್ಷಕ್ಕೊಮ್ಮೆ ಮಷೀನನ್ನೇ ಆಸ್ಪತ್ರೆಗೆ ಒಯ್ದು, ಅಲ್ಲಿ ತೋರಿಸುವ ಬಿಪಿಗೂ ಇದಕ್ಕೂ ತಾಳೆ ಆಗುತ್ತದೋ ನೋಡಿಸಿಕೊಂಡು ಬನ್ನಿ.