ಮೂರು ಮಲ್ಟಿಮೀಟರಿಗೆ ಒಂದೇ ಲೀಡ್ ಸೆಟ್: ನನ್ನ ಅನುಭವ

ಮುಂಬೈಯಲ್ಲಿ ಮಾಟುಂಗದಿಂದ ಮುಲುಂಡ್ ತನಕ ಉಡುಪಿ ಹೋಟೆಲುಗಳ ಗ್ರೈಂಡರ್, ಡೀಪ್ ಫ್ರೀಜರ್, ಎಕ್ಸಾಸ್ಟ್ ಫ್ಯಾನ್ ರಿಪೇರಿ ನನ್ನ ಕೆಲಸ. ವೋಲ್ಟ್, ಓಮ್ಸ್ ಅಳೆಯುವ ಮಲ್ಟಿಮೀಟರ್ ಮೂರಿವೆ. ಹಳೇ ಮುಳ್ಳಿನ ಮೀಟರ್, ಜೇಬಿಗೆ ಹಿಡಿಯುವ ಚಿಕ್ಕ ಡಿಜಿಟಲ್, ಅತಿ ಕಡಿಮೆ, ಅತಿ ಹೆಚ್ಚು ರೀಡಿಂಗ್ ನೆನಪಿಡುವ ಮಿನ್-ಮ್ಯಾಕ್ಸ್ ಇರುವ ಟ್ರೂ ಆರ್‌ಎಂಎಸ್ (ಎಸಿಯನ್ನು ಸರಿಯಾಗಿ ಅಳೆಯುವ) ಮೀಟರ್. ಮೂರಕ್ಕೂ ಒಂದೇ ಸೆಟ್ ಲೀಡ್, ಅಂದರೆ ಮೀಟರಿನಿಂದ ಅಳೆಯುವ ಜಾಗಕ್ಕೆ ಹೋಗುವ ವೈರ್, ಮಾಡಿಕೊಳ್ಳುತ್ತೇನೆ ಅಂದಾಗ ಜೊತೆಯ ಮೆಕ್ಯಾನಿಕ್‌ಗಳು ಯಾರೂ ಒಪ್ಪಲಿಲ್ಲ. "ಬರೀ ವೈರಿಗೆ ಎರಡು ಸಾವಿರವಾ ಮಾರಾಯ? ಅದಕ್ಕೆ ಇನ್ನೊಂದು ಮೀಟರೇ ಬರ್ತದೆ" ಅಂದರು. ಈಗ ಅವರೇ ಕಷ್ಟದ ಕೆಲಸ ಬಂದರೆ ನನ್ನ ಸೆಟ್ ಕೇಳಿಕೊಂಡು ಬರುತ್ತಾರೆ.

ತಾಪತ್ರಯ ಇರುವುದು ಲೀಡನ್ನು ಮೀಟರಿಗೆ ಸಿಕ್ಕಿಸುವ ಪಿನ್ನಿನಲ್ಲಿ. ಎಲ್ಲವೂ 4 ಮಿ.ಮೀ. ಬನಾನಾ ಪಿನ್ನೇ, ಆದರೂ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹೊಸ ಲೀಡಿನ ಪಿನ್ ಸುತ್ತ ಪ್ಲಾಸ್ಟಿಕ್ ಕವಚ ಇರುತ್ತದೆ. ಮುಳ್ಳಿನ ಮೀಟರಿನ ಸಾಕೆಟ್ ಚಪ್ಪಟೆ, ಹಾಗಾಗಿ ಕವಚ ಮೇಲೆಯೇ ತಾಗಿ ನಿಲ್ಲುತ್ತದೆ. ಹಳೇ ಬರಿ ಪಿನ್ನು ಹೊಸ ಮೀಟರಿನ ಆಳದ ಸಾಕೆಟ್ಟಿಗೆ ಇಳಿಯುತ್ತದೆ. ಆದರೆ ಅದರ ಹಿಡಿ ದಪ್ಪ ಇದ್ದರೆ ಅಂಚಿಗೆ ತಾಗಿ ಪಿನ್ ಅರ್ಧಕ್ಕೇ ನಿಂತುಬಿಡುತ್ತದೆ. ಆಮೇಲೆ ಲೀಡ್ ಸ್ವಲ್ಪ ಅಲುಗಿದರೂ ಓಮ್ಸ್ ರೀಡಿಂಗ್ ಕುಣಿಯುತ್ತದೆ. ಕವಚವನ್ನೇ ಬ್ಲೇಡಿನಲ್ಲಿ ಕೊಯ್ದು ಹಾಕುವವರನ್ನೂ ನೋಡಿದ್ದೇನೆ. 415 ವೋಲ್ಟಿನ ಪ್ಯಾನೆಲ್ ಮುಂದೆ ನಿಲ್ಲುವವರು ದಯವಿಟ್ಟು ಹಾಗೆ ಮಾಡಬೇಡಿ. ಪಿನ್ ಜಾರಿ ಹೊರಗೆ ಬಂದರೆ ಕೈಗೆ ಸಿಗುವುದು ಬರಿ ಲೋಹ.

ದುಡ್ಡು ಎಲ್ಲೆಲ್ಲಿ ಹೋಯಿತು ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನ ಎಪ್ಪತ್ತು ಎಂಬತ್ತು ರೂಪಾಯಿಯ ಪಿವಿಸಿ ಲೀಡ್ ಹೊಸದರಲ್ಲೇ ಅರ್ಧ ಓಮ್ ತೋರಿಸುತ್ತಿತ್ತು, ಸೋಲ್ಡರಿಂಗ್ ಐರನ್ ತಾಗಿದ ಕಡೆ ಕರಗಿತು. ಆಮೇಲೆ ಸುಮಾರು ಮುನ್ನೂರರ ಸಿಲಿಕೋನ್ ಲೀಡ್ ತಂದೆ. ವೈರ್ ಚೆನ್ನಾಗಿತ್ತು, ಮೆತ್ತಗೆ ಹೇಳಿದ ಹಾಗೆ ಕೇಳುತ್ತಿತ್ತು. ಆದರೆ ಅದಕ್ಕೆ ಅಂತ ಕೊಟ್ಟ ಕ್ರೊಕೊಡೈಲ್ ಕ್ಲಿಪ್ಪಿಗೆ ಒಳಗೆ ಥ್ರೆಡ್, ಪ್ರೋಬಿನ (ಕೈಯಲ್ಲಿ ಹಿಡಿದು ತಾಗಿಸುವ ಕಡ್ಡಿಯ) ತುದಿ ನುಣ್ಣಗೆ. ಬೇರೆ ಕ್ಲಿಪ್ ತಂದರೆ ಅದರ ತೂತು 4 ಮಿ.ಮೀ., ಪ್ರೋಬಿನ ತುದಿ 2 ಮಿ.ಮೀ. ಸುಮ್ನೆ ಸಿಕ್ಕಿಸಿದರೆ ಜೋತು ಬೀಳುತ್ತದೆ. ಒತ್ತಿದರೆ ಹಿಂದೆ ಸರಿಯುವ, ಸ್ಪ್ರಿಂಗ್ ಕವಚದ ಲೀಡೂ ಸಿಗುತ್ತದೆ, ಹಳೆಯದು ಹೊಸದು ಎರಡಕ್ಕೂ ಹೋಗುತ್ತದೆ. ಅದರ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಹೋಟೆಲ್ ಅಡುಗೆಮನೆಯ ಎಣ್ಣೆ ಜಿಡ್ಡು, ಹಿಟ್ಟು ಒಳಗೆ ಸೇರಿ ಸ್ಪ್ರಿಂಗ್ ಕಚ್ಚಿಕೊಂಡಿತು. ಇಷ್ಟರಲ್ಲಿ ಒಂದೂವರೆ ಸಾವಿರದ ಹತ್ತಿರ ಖಾಲಿ.

ಕೊನೆಗೆ ನಿಂತದ್ದು ಹೀಗೆ. ಎರಡೂ ತುದಿಯಲ್ಲಿ ಕವಚದ 4 ಮಿ.ಮೀ. ಪಿನ್ ಇರುವ ಸಿಲಿಕೋನ್ ಲೀಡ್. ಒಂದು ತುದಿ ಮೀಟರಿಗೆ. ಇನ್ನೊಂದು ತುದಿಗೆ ಪ್ರೋಬ್, ಕ್ರೊಕೊಡೈಲ್, ಸಣ್ಣ ಜಾಗಕ್ಕೆ ಸಿಕ್ಕಿಸಿ ಬಿಡುವ ಹುಕ್, ಯಾವುದು ಬೇಕೋ ಅದು. ಎಲ್ಲದರ ಹಿಂದೆಯೂ ಅದೇ 4 ಮಿ.ಮೀ. ಸಾಕೆಟ್. ಮುಳ್ಳಿನ ಮೀಟರಿಗೆ ಮಾತ್ರ ಎರಡು ಚಿಕ್ಕ ಅಡಾಪ್ಟರ್, ಒಂದು ಕಡೆ ಕವಚ ಹೋಗುವ ಸಾಕೆಟ್, ಇನ್ನೊಂದು ಕಡೆ ಬರಿ ಪಿನ್. ಅವು ಮೀಟರಿನಲ್ಲೇ ಕೂತಿರುತ್ತವೆ. ಆ ಮೀಟರ್ ಮೇಜು ಬಿಟ್ಟು ಏಳುವುದಿಲ್ಲ, ಡಿಸ್ಚಾರ್ಜ್ ಮಾಡಿದ ಕೆಪಾಸಿಟರಿಗೆ ಮುಳ್ಳು ಹೊಡೆಯುತ್ತದಾ ನೋಡಲು ಅದೇ ಚೆಂದ.

ರೇಟಿಂಗ್ ವಿಷಯದಲ್ಲಿ ರಾಜಿ ಬೇಡ. ಮೀಟರ್, ಲೀಡ್, ಕ್ಲಿಪ್ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಇಡೀ ಸೆಟ್ಟಿನ ರೇಟಿಂಗ್. ಪ್ಯಾನೆಲ್ ಕೆಲಸಕ್ಕೆ ಕ್ಯಾಟ್ 3 ಅನ್ನುವ ಸುರಕ್ಷತೆಯ ದರ್ಜೆ, ಪ್ರೋಬಿನ ತುದಿಗೆ ಟೋಪಿ, 4 ಮಿ.ಮೀ.ಗಿಂತ ಜಾಸ್ತಿ ಲೋಹ ಕಾಣಬಾರದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಎರಡೂ ಲೀಡ್ ಕೂಡಿಸಿ ಓಮ್ಸ್ ನೋಡಿ, 0.1ರ ಆಸುಪಾಸು ಬರಬೇಕು. ಆಮೇಲೆ ಪಿನ್ನಿನ ಕುತ್ತಿಗೆ ಹಿಡಿದು ತಿರುಚಿ. ಅಂಕಿ ಹಾರಿದರೆ ವಾಪಸ್ ಕೊಡಿ, ಬೆಲೆ ಎಷ್ಟೇ ಇರಲಿ. ಕ್ಲಿಪ್ಪಿನ ಹಲ್ಲಿಗೆ ಅಯಸ್ಕಾಂತ ಅಂಟಿದರೆ ಅದು ಪ್ಲೇಟಿಂಗ್ ಮಾಡಿದ ಕಬ್ಬಿಣ, ಮುಂಬೈ ಮಳೆಗಾಲಕ್ಕೆ ತಡೆಯುವುದಿಲ್ಲ. ನನ್ನ ಕ್ಲಿಪ್‌ಗಳು ಮಳೆಗಾಲದಲ್ಲೂ ಹಸಿರು ಕಟ್ಟದ ಹಾಗೆ ಹೇಗೆ ಇಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿ ಯಾವುದು ಅಂತಲೂ ಕೇಳಬೇಡಿ.

ಈ ಸೆಟ್ಟಿನ ದುಡ್ಡು ಒಂದೇ ಕೆಲಸದಲ್ಲಿ ಬಂತು. ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹಿಟ್ಟಿನ ಗ್ರೈಂಡರ್ ನಡುನಡುವೆ ನಿಲ್ಲುತ್ತಿತ್ತು. ಬೇರೆಯವರು ಮೋಟಾರಿನ ತಂತಿ ಹೊಸದಾಗಿ ಸುತ್ತಿಸಿ, ಓವರ್‌ಲೋಡ್ ರಿಲೇ ಬದಲಾಯಿಸಿ ಹೋಗಿದ್ದರು. ನಾನು ಮೇನ್ಸ್ ಆಫ್ ಮಾಡಿ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಿನ) ಕಾಯಿಲಿಗೆ ಕರೆಂಟ್ ಬರುವ ಎ1, ಎ2 ಟರ್ಮಿನಲ್‌ಗೆ ಹುಕ್ ಹಾಕಿದೆ, ಮತ್ತೆ ಆನ್ ಮಾಡಿ ಗ್ರೈಂಡರ್ ಓಡಿದ ಮೇಲೆ ಮಿನ್-ಮ್ಯಾಕ್ಸ್ ಒತ್ತಿ ಬಿಟ್ಟು ಕಾಫಿಗೆ ಕೂತೆ. ಪ್ರೋಬ್ ಕೈಯಲ್ಲಿ ಹಿಡಿದು ಅಷ್ಟು ಹೊತ್ತು ನಿಲ್ಲಲು ಆಗುತ್ತದಾ? ಗ್ರೈಂಡರ್ ಇನ್ನೂ ಓಡುತ್ತಿರುವಾಗಲೇ ಬಂದು ನೋಡಿದರೆ ಮಿನ್ ನೂರ ನಲವತ್ತು ವೋಲ್ಟಿನ ಹತ್ತಿರ, ಅಂದರೆ ಕಾಯಿಲಿಗೆ ಬರುವ ವೋಲ್ಟೇಜ್ ನಡುವೆ ಬಿದ್ದಿದೆ. ಆ ವೋಲ್ಟೇಜ್ ಬರುವ ದಾರಿಯಲ್ಲಿದ್ದ ಸ್ಟಾಪ್ ಬಟನ್ ಬಿಚ್ಚಿದೆ. ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿ ಗುಂಡಿ ಬಿದ್ದಿತ್ತು, ಮೆಷಿನ್ ಅದುರಿದಾಗೆಲ್ಲ ಬಿಡುತ್ತಿತ್ತು. ನೂರೈವತ್ತು ರೂಪಾಯಿಯ ಬಟನ್. ಶೆಟ್ರು ಆವತ್ತೇ ಎಲ್ಲ ಮೆಷಿನ್ನಿನ ವರ್ಷದ ಕೆಲಸ ನನಗೇ ಕೊಟ್ಟರು.

ಇದೇ ಸೆಟ್ಟಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಬಿಚ್ಚಿ ತಂದ ಕಾಂಟ್ಯಾಕ್ಟರನ್ನು ಒತ್ತಿ ಹಿಡಿದು, ಪವರ್ ಸಪ್ಲೈಯಿಂದ ಕ್ರೊಕೊಡೈಲ್ ಮೂಲಕ 1 ಆಂಪಿಯರ್ ಹರಿಸಿ, ಆ ಕ್ಲಿಪ್‌ಗಳ ಒಳಬದಿಯಲ್ಲಿ ಹುಕ್ ಹಾಕಿ ಮಿಲಿವೋಲ್ಟ್ ನೋಡುವುದು. 1 ಮಿಲಿವೋಲ್ಟ್ ಅಂದರೆ 1 ಮಿಲಿಓಮ್. ಲೀಡಿನ ಓಮ್ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಕಾಂಟ್ಯಾಕ್ಟರ್ ಎರಡು ಮೂರು ತೋರಿಸಿತು, ಸುಟ್ಟದ್ದು ನಲವತ್ತು ದಾಟಿತು.

ಜಾಸ್ತಿ ಕರೆಂಟಿಗೆ ಮಾತ್ರ ಹುಕ್ ಬೇಡ, ಅದರ ಒಳಗಿನ ತಂತಿ ತೀರಾ ಸಣ್ಣದು. ಅರ್ಧ ಓಮಿನ ಲೀಡಿನಲ್ಲಿ 8 ಆಂಪಿಯರ್ ಹರಿಸಿದರೆ 4 ವೋಲ್ಟ್ ಅಲ್ಲೇ ಹೋಯಿತು, 32 ವ್ಯಾಟ್ ಬಿಸಿ ವೈರಿನಲ್ಲೇ. ಮೋಟಾರ್ ಕರೆಂಟಿಗೆ ನಾನು ಲೀಡ್ ಬೇಡದ, ವೈರಿನ ಸುತ್ತ ಹಿಡಿಯುವ ಕ್ಲಾಂಪ್ ಮೀಟರನ್ನೇ ಹಾಕುತ್ತೇನೆ.